ವಿಲ್ಲೆಮೈಟ್ ಹೊಳೆಯುತ್ತಿಲ್ಲ, ಹ್ಯಾಕ್‌ಮನೈಟ್ ಬಣ್ಣ ಬದಲಿಸುತ್ತಿಲ್ಲ: ಕಲ್ಲೇ ನಕಲಿಯಾ?

ಕಲ್ಲುಹುಚ್ಚ:
ನ್ಯೂಜೆರ್ಸಿಯ ಫ್ರಾಂಕ್ಲಿನ್ ಗಣಿಯದು ಅಂತ ಒಂದು ವಿಲ್ಲೆಮೈಟ್-ಕ್ಯಾಲ್ಸೈಟ್ ಕಲ್ಲು ತಗೊಂಡೆ. ಎರಡೂ ಯುವಿ, ಅಂದರೆ ನೇರಳಾತೀತ ಬೆಳಕು ಬಿದ್ದರೆ ಹೊಳೆಯುವ ಖನಿಜಗಳು. ಫೋಟೋದಲ್ಲಿ ಗಾಢ ಹಸಿರು, ಕೆಂಪು. ನನ್ನ 395 ನ್ಯಾನೋಮೀಟರ್ ಎಲ್‌ಇಡಿ ಟಾರ್ಚ್ ಬಿಟ್ಟರೆ ಬರೀ ನೇರಳೆ, ಅಲ್ಲಲ್ಲಿ ನೀಲಿ ಚುಕ್ಕೆ. ನನ್ನ ಹತ್ತಿರ ಹ್ಯಾಕ್‌ಮನೈಟ್ ಕೂಡ ಇದೆ, ಯುವಿ ತಾಗಿದ ಮೇಲೆ ಬಣ್ಣವೇ ಬದಲಾಗಬೇಕಾದ ಖನಿಜ. ಅದು ಕಿತ್ತಳೆಯಾಗಿ ಹೊಳೆಯುತ್ತದೆ, ಆದರೆ ಟಾರ್ಚ್ ಆರಿಸಿದರೆ ಮತ್ತೆ ಅದೇ ಬೂದು. ಮೋಸ ಹೋದೆನಾ?

ನೇರಳೆದೀಪ:
ಅನುಮಾನ ಸದ್ಯಕ್ಕೆ ಟಾರ್ಚ್ ಮೇಲಿರಲಿ. 395 ಅಂದರೆ ಕಣ್ಣಿಗೆ ಕಾಣುವ ನೇರಳೆಯ ಅಂಚು. ಆ ಬೆಳಕೇ ಕಲ್ಲಿಗೆ ಬಡಿದು ವಾಪಸ್ ಬರುತ್ತಿದೆ, ಅಷ್ಟೇ. ಫ್ರಾಂಕ್ಲಿನ್ ಕಲ್ಲಿಗೆ ಬೇಕಾದ್ದು ಶಾರ್ಟ್‌ವೇವ್, ಅಂದರೆ ಇನ್ನೂ ಕಿರಿದಾದ ತರಂಗದ, 254 ನ್ಯಾನೋಮೀಟರ್ ಯುವಿ. ವಿಲ್ಲೆಮೈಟ್‌ನ ಹಸಿರು, ಕ್ಯಾಲ್ಸೈಟ್‌ನ ಕೆಂಪು ಎರಡನ್ನೂ ಕೊಡುವುದು ಅವುಗಳಲ್ಲಿರುವ ಮ್ಯಾಂಗನೀಸೇ. ಆದರೆ ಕ್ಯಾಲ್ಸೈಟ್‌ನಲ್ಲಿ ಅದು ತಾನಾಗಿ ಯುವಿ ಹೀರುವುದು ತೀರಾ ಕಡಿಮೆ. ಜೊತೆಗಿರುವ ಸೀಸ 254 ಅನ್ನು ಹೀರಿ ಅದಕ್ಕೆ ದಾಟಿಸಬೇಕು. ನಿಮ್ಮ ಟಾರ್ಚ್ ಸೀಸವನ್ನು ಅಲುಗಾಡಿಸುವುದೂ ಇಲ್ಲ.

ನೀಲಿ ಚುಕ್ಕೆ ಬಟ್ಟೆಯ ಎಳೆ ಇರಬಹುದು, ಅದೂ ಈ ಬೆಳಕಿಗೆ ಹೊಳೆಯುತ್ತದೆ. ಬ್ರಷ್‌ನಿಂದ ಉಜ್ಜಿ ನೋಡಿ. ಸಂದಿಯುದ್ದಕ್ಕೂ ನೀಲಿ ಗೆರೆ ಕಂಡರೆ ಹೊಳೆಯುತ್ತಿರುವುದು ಅಂಟು, ಯಾರೋ ಕಲ್ಲು ಕೂಡಿಸಿರಬೇಕು, ಅದು ಬೇರೆ ಜಗಳ!

ಕಲ್ಲುಹುಚ್ಚ:
ಉಜ್ಜಿದ ಮೇಲೆ ಚುಕ್ಕೆ ಹೋಯ್ತು. ಫಿಲ್ಟರ್ ಇರುವ 254 ದೀಪವೂ ಸಿಕ್ಕಿತು. ಗಾಜಿನ ಮುಚ್ಚಳದ ಡಬ್ಬಿಯಲ್ಲಿಟ್ಟು ಹಚ್ಚಿದೆ, ಏನೂ ಕಾಣಲಿಲ್ಲ.

ಗಣಿಧೂಳು:
ಮುಚ್ಚಳ ತೆಗೀರಿ. ಮಾಮೂಲಿ ಗಾಜು 254 ಅನ್ನು ದಾಟಲು ಬಿಡುವುದಿಲ್ಲ. ಆದರೆ ಯುವಿ ತಡೆಯುವ ಪಾಲಿಕಾರ್ಬೊನೇಟ್ ಕನ್ನಡಕ ಹಾಕದೆ ದೀಪ ಹಚ್ಚಲೇಬೇಡಿ. ಕಣ್ಣಿಗೆ ಪೆಟ್ಟು ಬಿದ್ದದ್ದು ಆಗಲೇ ಗೊತ್ತಾಗುವುದಿಲ್ಲ, ಉರಿ ಶುರುವಾಗುವುದು ಕೆಲವು ಗಂಟೆ ಬಿಟ್ಟು. ಕೈಗೂ ಗ್ಲೌಸ್ ಇರಲಿ.

ಕಲ್ಲುಹುಚ್ಚ:
ಹಸಿರು, ಕೆಂಪು ಎರಡೂ ಬಂತು! ಹ್ಯಾಕ್‌ಮನೈಟ್ ಕಥೆ ಏನು?

ನೇರಳೆದೀಪ:
ಹೊಳೆಯುವುದು ಬೇರೆ, ಬಣ್ಣ ಬದಲಾಗುವುದು ಬೇರೆ. ಕಿತ್ತಳೆ ಹೊಳಪು ಗಂಧಕದ್ದು, ಟಾರ್ಚ್ ಆರಿದರೆ ಮುಗೀತು. ಬಣ್ಣ ಬದಲಾಗಲು ಇಲ್ಲೂ ಶಾರ್ಟ್‌ವೇವ್ ಬೇಕು. ಅದು ಗಂಧಕದಿಂದ ಎಲೆಕ್ಟ್ರಾನ್ ಕಿತ್ತು, ಹರಳಿನಲ್ಲಿ ಕ್ಲೋರಿನ್ ಇಲ್ಲದೆ ಖಾಲಿಯಿರುವ ಜಾಗಕ್ಕೆ ತಳ್ಳುತ್ತದೆ. ಅಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನೇ ಗುಲಾಬಿ-ನೇರಳೆ ಬಣ್ಣಕ್ಕೆ ಕಾರಣ. ಕಲ್ಲಿನ ಅರ್ಧಕ್ಕೆ ದಪ್ಪ ಕಪ್ಪು ಕಾಗದ ಸುತ್ತಿ, ಕತ್ತಲಲ್ಲಿ ಐದ್ಹತ್ತು ನಿಮಿಷ 254 ಕೆಳಗಿಡಿ. ಆಮೇಲೆ ಮಂದ ಬೆಳಕಿನಲ್ಲಿ ನೋಡಿ. ಜೋರು ಬೆಳಕಿಗೆ ಹಿಡಿದರೆ ಬಣ್ಣ ಮಾಸುತ್ತದೆ. ಚಿಂತೆ ಬೇಡ, ಮತ್ತೆ ದೀಪ ಹಚ್ಚಿದರೆ ಮತ್ತೆ ಬರುತ್ತದೆ.

ಕಲ್ಲುಹುಚ್ಚ:
ಮುಚ್ಚಿದ ಕಡೆ ಬೂದು, ಉಳಿದದ್ದು ಗುಲಾಬಿ. ಮಾರಿದವರಿಗೆ ಬೈದು ಬರೆದಿಟ್ಟಿದ್ದ ಮೆಸೇಜ್ ಕಳಿಸಿರಲಿಲ್ಲ, ಸದ್ಯ!