ಹತ್ತಿರದಲ್ಲೇ 66 ಕೆವಿ ಸ್ಟೇಷನ್ ಇದೆ, ಆದರೂ ತೋಟದ ಮೇಲೆ 220 ಕೆವಿ ಲೈನ್ ಯಾಕೆ?

ಶಿರಾ ತೆಂಗು:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾ ತಾಲ್ಲೂಕು. ಎರಡು ಎಕರೆ ತೆಂಗು, ನಡುವೆ ಅಡಿಕೆ. ಹೋದ ವಾರ ಜಿಪಿಎಸ್ ಹಿಡಿದುಕೊಂಡು ಹುಡುಗರು ಬಂದಿದ್ದರು. ಪಡುವಣ ಬದುವಿನಲ್ಲಿ ಒಂದು ಕಲ್ಲು ನೆಟ್ಟು, ಕೆಂಪು ಬಣ್ಣದಲ್ಲಿ ‘ಎಪಿ 14’ ಅಂತ ಬರೆದು ಹೋದರು. ಕೇಳಿದರೆ 220 ಕೆವಿ ಲೈನ್ ಬರುತ್ತೆ ಅಂದರು. ನಮಗೆ ಒಂದು ನೋಟಿಸ್ ಕೂಡ ಬಂದಿಲ್ಲ.

ಇಲ್ಲೇ ಹತ್ತಿರದಲ್ಲಿ 66 ಕೆವಿ ಸ್ಟೇಷನ್ ಇದೆ. ಹೋದ ವರ್ಷ 8 ಎಂವಿಎ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ತೆಗೆದು 12.5 ಎಂವಿಎ ಕೂರಿಸಿದರು. ಪಾವಗಡದ ಸೋಲಾರ್ ಪಾರ್ಕ್ ನಮ್ಮ ಜಿಲ್ಲೆಯಲ್ಲೇ ಇದೆ. ಇಷ್ಟಿದ್ದೂ ಪಂಪ್‌ಸೆಟ್ಟಿಗೆ ಪಾಳಿಯಲ್ಲಿ ಕೊಡುವ ಬ್ಯಾಚ್ ಕರೆಂಟ್ ಬಂದ ಕೂಡಲೇ ಮೋಟರ್ ಗುಂಯ್ ಅಂದು ಸ್ಟಾರ್ಟರ್ ಟ್ರಿಪ್ ಆಗುತ್ತೆ. ಹೊಸ ಲೈನ್ ನಿಜವಾಗಲೂ ನಮಗಾ, ಫ್ಯಾಕ್ಟರಿಗಳಿಗಾ? ನೆಲದೊಳಗೆ ಕೇಬಲ್ ಹಾಕಬಾರದಾ? ತಿಳಿದವರು ಹೇಳಿ.

ಹಳೇ ಇಂಜಿನಿಯರ್:
ನಾನು ಲೈನ್ ಪ್ಲಾನಿಂಗ್ ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಯಜಮಾನ್ರೇ, ಟ್ರಾನ್ಸ್‌ಫಾರ್ಮರ್ ದೊಡ್ಡದಾಯಿತು, ಸರಿ. ಅದಕ್ಕೆ ಕರೆಂಟ್ ತರುವ 66 ಕೆವಿ ಲೈನ್ ಮಾತ್ರ ಹಳೇದೇ ಅಲ್ವಾ? ನಿಮ್ಮ ಕಡೆ ಒಂದೇ ಲೈನಿನ ಮೇಲೆ ಸಾಲಾಗಿ ಎರಡು ಮೂರು ಸ್ಟೇಷನ್ ಕೂತಿರುತ್ತವೆ. ಲೆಕ್ಕ ಹಾಕಿ ನೋಡಿ. ಹತ್ತು ಎಚ್‌ಪಿ ಮೋಟರ್ ಅಂದರೆ ಏಳೂವರೆ ಕಿಲೋವಾಟ್. ಒಂದೇ ಬ್ಯಾಚಿನಲ್ಲಿ 3,000 ಮೋಟರ್ ಎದ್ದರೆ ಇಪ್ಪತ್ತೆರಡು ಮೆಗಾವಾಟ್ ದಾಟುತ್ತದೆ. ಹಳೆಯ 66 ಕೆವಿ ಲೈನ್ ಒಂದು ಸರ್ಕ್ಯೂಟಿನಲ್ಲಿ, ಅಂದರೆ ಮೂರು ತಂತಿಯ ಒಂದು ಜೋಡಣೆಯಲ್ಲಿ, ಮೂವತ್ತು ಚಿಲ್ಲರೆ ಮೆಗಾವಾಟ್ ಹೊತ್ತರೆ ಅದೇ ದೊಡ್ಡದು. ಕೊನೆಯ ಸ್ಟೇಷನ್ನಿಗೆ ಬರುವ ಹೊತ್ತಿಗೆ ವೋಲ್ಟೇಜ್ ಬಿದ್ದು ಹೋಗಿರುತ್ತದೆ. ನಿಮ್ಮ ಮೋಟರ್ ಗುಂಯ್ ಅನ್ನುವುದು ಅದಕ್ಕೇ.

ಲೋಡ್ ಎರಡು ಪಟ್ಟಾದರೆ ತಂತಿಯಲ್ಲಿ ನಷ್ಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದೇ ಪವರ್ ಅನ್ನು ಅದೇ ತಂತಿಯಲ್ಲಿ 66ರ ಬದಲು 220 ಕೆವಿಯಲ್ಲಿ ಕಳಿಸಿದರೆ ನಷ್ಟ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಹತ್ತಿರಕ್ಕೆ 220 ತಂದು, ಅಲ್ಲಿಂದ ಗಿಡ್ಡ ಗಿಡ್ಡ 66 ಲೈನ್ ಎಳೆಯುತ್ತಾರೆ. ನಿಮಗೂ ಸಿಗುತ್ತದೆ, ಫ್ಯಾಕ್ಟರಿಗಳಿಗೂ ಸಿಗುತ್ತದೆ. ಫ್ಯಾಕ್ಟರಿಗೆ ಇಲ್ಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಪಾವಗಡದ ವಿಷಯ. 2,050 ಮೆಗಾವಾಟ್ ಪಾರ್ಕ್ ಅದು. ಅಲ್ಲಿಯ ಕರೆಂಟ್ 220ಕ್ಕೆ ಸೇರಿ, 400 ಕೆವಿಗೆ ಏರಿ, ದೊಡ್ಡ ಗ್ರಿಡ್ಡಿಗೆ ಹೋಗುತ್ತದೆ. ತಲೆ ಮೇಲೆ 400 ಕೆವಿ ಹೋದರೂ ಕೆಳಗಿನ ಹಳ್ಳಿಗೆ ಅದರಿಂದ ಒಂದು ಬಲ್ಬೂ ಉರಿಯುವುದಿಲ್ಲ. ಇಳಿಸಿಕೊಳ್ಳಲು ಸ್ಟೇಷನ್ ಬೇಕು, ಸ್ಟೇಷನ್ನಿನಿಂದ ಲೈನ್ ಬೇಕು. ಸಂಜೆ ಏಳಕ್ಕೆ ಅಲ್ಲಿ ಉತ್ಪಾದನೆ ಸೊನ್ನೆ, ಅದೂ ನೆನಪಿರಲಿ.

ಇನ್ನೊಂದು ಕಾರಣ ಜನರಿಗೆ ಕಾಣುವುದಿಲ್ಲ. ಒಂದು ಲೈನ್ ಬಿದ್ದರೂ ಉಳಿದವು ಲೋಡ್ ಹೊರಬೇಕು ಅನ್ನುವುದು ಪ್ಲಾನಿಂಗಿನ ಮೊದಲ ನಿಯಮ. 2012ರ ಜುಲೈ 30ರಂದು ಉತ್ತರ ಭಾರತ ಕತ್ತಲಾಯಿತಲ್ಲ, ಅಲ್ಲಿ ಆಗಿದ್ದೂ ಇದೇ. ಬೀನಾ–ಗ್ವಾಲಿಯರ್ 400 ಕೆವಿ ಲೈನಿನ ಒಂದು ಸರ್ಕ್ಯೂಟನ್ನು 765ಕ್ಕೆ ಏರಿಸುವ ಕೆಲಸಕ್ಕೆ ಆಫ್ ಮಾಡಿದ್ದರು. ಉಳಿದಿದ್ದ ಸರ್ಕ್ಯೂಟ್ ಮೇಲೆ ಭಾರ ಬಿದ್ದು ಟ್ರಿಪ್ ಆಯಿತು. ಒಂದರ ಹಿಂದೆ ಒಂದು ಎಲ್ಲಾ ಹೋದವು. ನಾವು ದಕ್ಷಿಣದವರು ಬಚಾವಾದೆವು. ಯಾಕಂದರೆ ಆಗ ನಮ್ಮ ಗ್ರಿಡ್ ಅವರ ಜೊತೆ ತಾಳಕ್ಕೆ ತಾಳ ಕೂಡಿರಲಿಲ್ಲ. ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಗಿ ಕೂಡಿಕೊಂಡಿದ್ದು 2013ರ ಡಿಸೆಂಬರ್ 31ಕ್ಕೆ.

2025ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 18,000 ಮೆಗಾವಾಟ್ ದಾಟಿತು. ಸೋಲಾರ್ ಪಾರ್ಕ್ ಒಂದೂವರೆ ಎರಡು ವರ್ಷಕ್ಕೆ ಎದ್ದು ನಿಲ್ಲುತ್ತದೆ. ಲೈನಿಗೆ ಅದರ ಎರಡು ಪಟ್ಟು ಹಿಡಿದರೂ ಆಶ್ಚರ್ಯ ಇಲ್ಲ. ಮುಕ್ಕಾಲು ಪಾಲು ಸಮಯ ತೋಟ, ಕಾಡು, ಕೋರ್ಟು ಅಂತಲೇ ಹೋಗುತ್ತದೆ.

ಕೇಬಲ್? ಬೆಂಗಳೂರಿನ ಒಳಗೆ ಹಾಕಿದ್ದಾರೆ, ಅಲ್ಲಿ ಬೇರೆ ದಾರಿ ಇಲ್ಲ. ಖರ್ಚು ಹಲವು ಪಟ್ಟು. ಕೇಬಲ್ ಹೋದ ಜಾಗದಲ್ಲಿ ಗುಂಡಿ ತೋಡುವ ಹಾಗಿಲ್ಲ, ಹಾಗಾಗಿ ತೆಂಗು ಅಲ್ಲೂ ಉಳಿಯುವುದಿಲ್ಲ.

ಹಿರಿಯೂರು ಕಡಲೆಕಾಯಿ:
ಅಣ್ಣಾ, ನಮ್ಮ ಹೊಲದಲ್ಲಿ 400 ಕೆವಿ ಟವರ್ ಇದೆ. ಅನುಭವದಿಂದ ಎರಡು ಮಾತು.

ಮೊದಲು ಪಹಣಿ ನೋಡಿಕೊಳ್ಳಿ. ನಮ್ಮದು ಇನ್ನೂ ತಾತನ ಹೆಸರಲ್ಲಿತ್ತು. ಪೌತಿ ಖಾತೆ ಆಗಿ ಅಣ್ಣತಮ್ಮಂದಿರ ಪಾಲು ಆಗುವವರೆಗೂ ಪರಿಹಾರದ ದುಡ್ಡು ಹಂಗೇ ನಿಂತಿತ್ತು. ಎರಡನೇದು, ಮರಕ್ಕೆ ಕೊಡಲಿ ಬೀಳುವ ಮುಂಚೆ ಮಹಜರು ಆಗಲಿ. ಫಲ ಬಿಡುವ ಮರ ಎಷ್ಟು, ಎಳೆಯದು ಎಷ್ಟು, ಎಲ್ಲಾ ಬರೆಸಿ, ಸರ್ವೆ ನಂಬರ್ ಹಾಕಿಸಿ, ಒಂದು ಕಾಪಿ ಇಟ್ಕೊಳ್ಳಿ. ನಮ್ಮಲ್ಲಿ ತಂತಿ ಎಳೆಯೋವಾಗ ಹೂವಿಗೆ ಬಂದ ಕಡಲೆಕಾಯಿ ಮೇಲೆ ಟ್ರಾಕ್ಟರ್ ಓಡಿಸಿದರು. ಕಂಟ್ರಾಕ್ಟರ್ ಕಡೆಯವರು ‘ಅಲ್ಲಿ ಬೆಳೆನೇ ಇರಲಿಲ್ಲ’ ಅಂದುಬಿಟ್ಟರು. ಫೋಟೋ ಇಲ್ಲದಿದ್ದರೆ ಸುಮ್ನೆ ಕೂರಬೇಕಿತ್ತು.

ಬಿಸಿಲು ಬೆಳಕು:
ನನಗೆ ಈ ವಾದ ಪೂರ್ತಿ ಒಪ್ಪಿಗೆ ಇಲ್ಲ ಸರ್. ರೈತರ ಸೋಲಾರಿಗೆ ಕೇಂದ್ರ ತಂದ ಕುಸುಮ್ ಯೋಜನೆಯಲ್ಲಿ ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಹಗಲು ಪಂಪ್‌ಸೆಟ್ಟಿಗೆ ಕೊಟ್ಟರೆ, ದೂರದಿಂದ ಕರೆಂಟ್ ತರುವುದೇ ಬೇಡ ಅಲ್ವಾ? ಬ್ಯಾಟರಿಯೂ ಅಗ್ಗ ಆಗ್ತಿದೆ.

ಹಳೇ ಇಂಜಿನಿಯರ್:
ಪಂಪ್‌ಸೆಟ್ ಮಟ್ಟಿಗೆ ನಿಮ್ಮ ಮಾತು ನಿಜ. ಏಳು ಗಂಟೆ ತ್ರೀ ಫೇಸ್ ಹಗಲೇ ಸಿಕ್ಕರೆ ರೈತರು ರಾತ್ರಿ ಹಾವು ತುಳಿಯುವುದು ತಪ್ಪುತ್ತದೆ. ಇದನ್ನು ಹತ್ತು ವರ್ಷ ಮೊದಲೇ ಮಾಡಿದ್ದರೆ ಕೆಲವು ಲೈನ್ ಬೇಕಾಗುತ್ತಲೇ ಇರಲಿಲ್ಲ. ಆದರೆ ಪ್ಲಾನ್ ಮಾಡುವವನು ಮೋಡ ಕವಿದ ದಿನವನ್ನೂ ನೋಡಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ, ಮಳೆಗಾಲದಲ್ಲೇ ಬೇಸಿಗೆಯ ಲೋಡ್ ಬಂತು, ನೆನಪಿದೆಯಲ್ಲ? ಅಂಥ ವರ್ಷಕ್ಕೆ ಲೈನೂ ಬೇಕು, ಸೋಲಾರೂ ಬೇಕು.

ಶಿರಾ ತೆಂಗು:
ಸರ್, ಲೈನ್ ಬೇಕು ಅಂತಾನೇ ಇಟ್ಕೊಳ್ಳೋಣ. ನನ್ನ ತೋಟ ಉಳಿಸಿಕೊಳ್ಳೋಕೆ ದಾರಿ ಇದೆಯಾ?

ಹಳೇ ಇಂಜಿನಿಯರ್:
ಇದೆ, ಆದರೆ ಈಗ ಮಾತ್ರ. ನಿಮ್ಮ ಕಲ್ಲಿನ ಮೇಲೆ ‘ಎಪಿ’ ಅಂತ ಇದೆ ಅಂದಿರಿ. ಎಪಿ ಅಂದರೆ ಆಂಗಲ್ ಪಾಯಿಂಟ್. ಲೈನ್ ತಿರುಗುವುದು ನಿಮ್ಮ ಬದುವಿನಲ್ಲೇ. ಎರಡು ಆಂಗಲ್ ಪಾಯಿಂಟ್ ನಡುವಿನ ಟವರುಗಳನ್ನು ಲೈನಿನ ಉದ್ದಕ್ಕೆ ಹಿಂದೆ ಮುಂದೆ ಸರಿಸಬಹುದು, ಪಕ್ಕಕ್ಕೆ ಆಗುವುದಿಲ್ಲ. ಪಕ್ಕಕ್ಕೆ ಹೋಗಬೇಕಾದರೆ ಆಂಗಲ್ ಪಾಯಿಂಟನ್ನೇ ಕದಲಿಸಬೇಕು. ಅದು ನಿಮ್ಮ ಜಾಗದಲ್ಲೇ ಇರುವುದು ನಿಮ್ಮ ಅದೃಷ್ಟ.

ಪಡುವಣಕ್ಕೆ ಬೀಳು ಭೂಮಿಯೋ, ಗೋಮಾಳವೋ, ರಾಗಿ ಹೊಲವೋ ಇದ್ದರೆ ಒಂದು ಕೈನಕ್ಷೆ ಬರೆದು ತೋರಿಸಿ. 220 ಕೆವಿಗೆ 35 ಮೀಟರ್ ಅಗಲದ ಪಟ್ಟಿ ಬೇಕು, ನಡು ಗೆರೆಯಿಂದ ಆಚೆ ಈಚೆ ಹದಿನೇಳೂವರೆ. ಆ ಪಟ್ಟಿಯಲ್ಲಿ ರಾಗಿ, ಕಡಲೆಕಾಯಿ, ಟೊಮೇಟೊ ಬೆಳೆಯಬಹುದು. ತೆಂಗು, ಅಡಿಕೆ ಉಳಿಸುವುದಿಲ್ಲ. ಸುತ್ತಿ ಬಳಸಿ ತಿರುವು ಜಾಸ್ತಿ ಮಾಡಿ ಅಂದರೆ ಒಪ್ಪುವುದಿಲ್ಲ. ತಿರುವಿನ ಟವರಿಗೆ ಕಬ್ಬಿಣ ಜಾಸ್ತಿ, ಫೌಂಡೇಶನ್ ದೊಡ್ಡದು. ಇರುವ ತಿರುವನ್ನೇ ಐವತ್ತು ಮೀಟರ್ ಸರಿಸಿ ಅನ್ನಿ, ಕೇಳುತ್ತಾರೆ.

ಪೂರ್ತಿ ತಡೆಯಬಹುದು ಅಂತ ವಕೀಲರು ಹೇಳಿದರೆ ದುಡ್ಡು ಕಳೆದುಕೊಳ್ಳಬೇಡಿ. ವಿದ್ಯುತ್ ಕಾಯ್ದೆಯ 164ನೇ ಕಲಂ ಲೈನ್ ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡುತ್ತದೆ. ಟೆಲಿಗ್ರಾಂ 2013ರಲ್ಲೇ ನಿಂತಿತು, ಅದರ ಕಾಯ್ದೆ ಇನ್ನೂ ನಮ್ಮ ತೋಟದಲ್ಲಿ ಕಂಬ ನೆಡುತ್ತಿದೆ! ನೀವು ಅಡ್ಡಿ ಮಾಡಿದರೆ ಅವರು ಡಿಸಿ ಹತ್ತಿರ ಆದೇಶ ತರುತ್ತಾರೆ. ಪರಿಹಾರ ಸಾಲದಿದ್ದರೆ ಜಿಲ್ಲಾ ನ್ಯಾಯಾಧೀಶರ ಹತ್ತಿರ ಹೋಗುವ ಹಕ್ಕು ನಿಮಗೂ ಇದೆ.

2024ರ ಜೂನ್‌ನ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ಕಾಲಿನ ಜಾಗಕ್ಕೆ ಭೂಮಿ ಬೆಲೆಯ ಶೇ. 200, ತಂತಿ ಪಟ್ಟಿಗೆ ಶೇ. 30 ಅಂತ ಇದೆ. ಮೊದಲು ಶೇ. 85 ಮತ್ತು ಹೆಚ್ಚೆಂದರೆ ಶೇ. 15 ಇತ್ತು. ಮರ, ಬೆಳೆಯ ಪರಿಹಾರ ಬೇರೆ. ಆದರೆ ರಾಜ್ಯದ ಒಳಗಿನ ಲೈನಿಗೆ ರಾಜ್ಯ ಒಪ್ಪಿದ ದರ ನಡೆಯುತ್ತದೆ. ಯಾವ ಆದೇಶದ ಪ್ರಕಾರ ಕೊಡುತ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ.

ಟವರ್ ಜಾಗ ಕೊನೆಯದಾಗಿ ಗುರುತು ಮಾಡುವ ಚೆಕ್ ಸರ್ವೆಗೆ ಮುಂಚೆ ಅರ್ಜಿ ಹೋಗಲಿ. ಗುಂಡಿ ತೆಗೆದ ಮೇಲೆ ಯಾರೂ ಸರಿಸುವುದಿಲ್ಲ. ಅರ್ಜಿಗೆ ಪಹಣಿ, ಕೈನಕ್ಷೆ, ಮರದ ಪಟ್ಟಿ ಲಗತ್ತಿಸಿ, ಸೀಲ್ ಹಾಕಿಸಿಕೊಂಡು ಬನ್ನಿ.