ಸಹಾಯ ಬೇಕು: ಹೊಸಗುಂದ ದೇವಸ್ಥಾನಕ್ಕೆ ಅಮ್ಮನ ಜೊತೆ
ಎಲ್ಲರಿಗೂ ನಮಸ್ಕಾರ. ಸಾಗರ, ಆನಂದಪುರ ಕಡೆಯವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ ಪ್ಲೀಸ್.

ಹೊಸಗುಂದದ ಉಮಾಮಹೇಶ್ವರ ದೇವಸ್ಥಾನ ನೋಡಬೇಕು ಅಂತ ಅಮ್ಮನಿಗೆ ಬಹಳ ಆಸೆ. ಸಾಂತರ ಅರಸರ ಕಾಲದ್ದು, ಕಾಡು ಬೆಳೆದು ಪಾಳು ಬಿದ್ದಿದ್ದ ಗುಡಿಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ ಅಲ್ವಾ, ಅದೇ. ಬೆಂಗಳೂರಿಂದ ರಾತ್ರಿ ತಾಳಗುಪ್ಪ ರೈಲು ಹತ್ತಿ ಬೆಳಗ್ಗೆ ಸಾಗರದಲ್ಲಿ ಇಳಿಯುತ್ತೇವೆ. ಅಲ್ಲಿಂದ ಆಟೋದವರು ಬರುತ್ತಾರಾ, ಬಂದರೆ ವಾಪಸ್ ಕರೆದುಕೊಂಡು ಬರುವವರೆಗೂ ಕಾಯುತ್ತಾರಾ, ಅಥವಾ ಕಾರೇ ಮಾಡಿಕೊಳ್ಳಬೇಕಾ? ಅಮ್ಮನಿಗೆ ಮಂಡಿನೋವು ಜಾಸ್ತಿ. ಗಾಡಿ ನಿಲ್ಲಿಸಿದ ಜಾಗದಿಂದ ಎಷ್ಟು ನಡೆಯಬೇಕು, ಮೆಟ್ಟಿಲು ಎಷ್ಟು, ಹಿಡಿದುಕೊಳ್ಳಲು ಕಂಬಿ ಇದೆಯಾ ಅನ್ನುವುದೇ ನನ್ನ ಮುಖ್ಯ ಚಿಂತೆ. ಮಳೆಗಾಲದಲ್ಲಿ ಕಲ್ಲು ಪಾಚಿಗಟ್ಟಿ ಜಾರುತ್ತೆ ಅಂತ ಅಣ್ಣ ಹೆದರಿಸುತ್ತಿದ್ದಾನೆ, ಅವನು ಸುಮ್ನೆ ಎಲ್ಲದಕ್ಕೂ ಹೆದರಿಸುತ್ತಾನೆ ಬಿಡಿ.

ಮಧ್ಯಾಹ್ನ ಬಾಗಿಲು ಹಾಕುತ್ತಾರಾ?

ಅದೇ ದಿನ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ಎರಡೂ ಆಗುತ್ತಾ? ಒಂದೇ ಅಂದರೆ ನನಗೆ ಕೆಳದಿ ಬೇಕು, ಚಾವಣಿಯಲ್ಲಿ ಕೆತ್ತಿರುವ ಗಂಡಭೇರುಂಡ ನೋಡಬೇಕು. ಅಮ್ಮನಿಗೆ ಇಕ್ಕೇರಿಯ ದೊಡ್ಡ ನಂದಿ. ಯಾವುದನ್ನು ಮೊದಲು ಇಟ್ಟುಕೊಂಡರೆ ಓಡಾಟ ಕಮ್ಮಿ ಆಗುತ್ತೆ, ಹೇಳಿ.