ಮೋಲ್ಡ್ ಆದ್ಮೇಲೆ ಕಂಟ್ರಾಕ್ಟರ್ ರೇಟ್ ಏರಿಸ್ದ, ವಾಟ್ಸಾಪಲ್ಲಿ ಓಕೆ ಅಂದ್ಬಿಟ್ಟೆ, ಕೊಡ್ಲೇಬೇಕಾ?

ಬೋಗಾದಿ ಸೈಟು
ಮೈಸೂರು ಬೋಗಾದಿ ಹತ್ರ 30-40 ಸೈಟಲ್ಲಿ ಮನೆ ಕಟ್ಟಿಸ್ತಿದೀನಿ. ಮೆಟೀರಿಯಲ್ ಸೇರಿ ಸ್ಕ್ವೇರ್ ಫೀಟಿಗೆ 1,900, ಛಾಪಾ ಕಾಗದದಲ್ಲಿ ಇಬ್ರದ್ದೂ ಸೈನ್ ಇದೆ. ಸೆಂಟ್ರಿಂಗ್ ಬಿಚ್ಚಿದ್ದೇ ತಡ ಕಂಬಿ ರೇಟ್ ಏರಿದೆ ಸಾರ್ ಇನ್ನೊಂದು 150 ಹಾಕ್ಕೊಡಿ ಅಂತ ಶುರು ಮಾಡ್ದ, ಒಂದ್ ವಾರ ಗಾರೆಯವ್ರನ್ನೇ ಕಳಿಸ್ಲಿಲ್ಲ, ಗೃಹಪ್ರವೇಶಕ್ಕೆ ದಿನ ಬೇರೆ ನೋಡಿಸಿದೀವಿ, ಅಮ್ಮಂದು ಒಂದೇ ರಾಗ, ಸಾಕಾಗಿ ರಾತ್ರಿ "ಆಯ್ತು ಓಕೆ" ಅಂತ ಹಾಕ್ಬಿಟ್ಟೆ. ಈಗ ಅದ್ನೇ ತೋರ್ಸಿ ಕೇಳ್ತವ್ನೆ.

ಮಂಡ್ಯದ್ ಗೌಡ
ಛಾಪಾ ಕಾಗದದಲ್ಲಿ ಇಲ್ದಿದ್ದು ಯಾವ್ ಲೆಕ್ಕ ಗುರು, ಒಂದ್ ಪೈಸೆ ಬಿಚ್ಬೇಡ.

ಕರಿಕೋಟು
ಗೌಡ್ರೇ ಹಂಗಲ್ಲ. ರಿಜಿಸ್ಟರ್ ಆಗಿರೋ ಪತ್ರ ಆದ್ರೆ ಬಾಯಿಮಾತು ನಡಿಯಲ್ಲ, ರಿಜಿಸ್ಟರ್ ಆಗ್ದಿರೋ ಇಂಥದ್ದನ್ನ ಇಬ್ರೂ ಒಪ್ಪಿದ್ರೆ ಬಾಯಲ್ಲೇ ಬದಲಾಯಿಸ್ಬೋದು, 1872ರ ಕಂಟ್ರಾಕ್ಟ್ ಆಕ್ಟ್ ಸೆಕ್ಷನ್ 62. ವಾಟ್ಸಾಪೂ ಸಾಕ್ಷಿನೇ. ಆದ್ರೆ ಒಪ್ಪಿದ್ರಷ್ಟೇ ಸಾಲ್ದು, ಆ 150ಕ್ಕೆ ಅವ್ನು ಹೊಸದಾಗಿ ಕೊಟ್ಟಿದ್ದೇನು? ಅದೇ ಪ್ಲಾನು ಅದೇ ಕಂಬಿ ಅಂದ್ರೆ ಪ್ರತಿಫಲನೇ ಇಲ್ಲ, ಪ್ರತಿಫಲ ಇಲ್ದಿರೋ ಒಪ್ಪಂದ ನಿಲ್ಲಲ್ಲ ಅನ್ನೋ ಸೆಕ್ಷನ್ 25 ಅಡ್ಡ ಬರುತ್ತೆ. ನಮ್ಮವ್ರೇ ಇದ್ರಲ್ಲಿ ಸೋತಿದಾರೆ, 1877ರ ಬಾಂಬೆ ಹೈಕೋರ್ಟ್ ಕೇಸು, ವಕಾಲತ್ತು ತಗೊಂಡಾದ್ಮೇಲೆ ಕಕ್ಷಿದಾರ ಫೀಸಿನ ಮೇಲೆ ಇನಾಮು ಕೊಡ್ತೀನಿ ಅಂದಿದ್ದ, ವಕೀಲರಿಗೆ ಆ ಇನಾಮು ದಕ್ಕಲಿಲ್ಲ. ತಮಾಷೆ ಏನಂದ್ರೆ ಅವ್ನೇ 100 ಬಿಡ್ತೀನಿ ಅಂದಿದ್ರೆ ಪ್ರತಿಫಲ ಬೇಕಿರ್ಲಿಲ್ಲ, ಸೆಕ್ಷನ್ 63. ಅಗ್ರಿಮೆಂಟಲ್ಲಿ ರೇಟ್ ಏರಿದ್ರೆ ಓನರ್ ಕೊಡ್ಬೇಕು ಅಂತ ಎಲ್ಲಾದ್ರೂ ತೂರಿಸವ್ನಾ ನೋಡಿ, ಇದ್ರೆ ಕತೆನೇ ಬೇರೆ.

ಕುಂಬಾರಕೊಪ್ಪಲು
ಕೆಲ್ಸ ನಿಲ್ಸಿ ಹೆದರ್ಸಿದ್ದು ಬಲವಂತ ಅಲ್ವಾ ಸಾರ್?

ಕರಿಕೋಟು
ಜನ ಅದನ್ನೇ ಮೊದ್ಲು ಹಿಡ್ಕೊಳ್ತಾರೆ. ಸೆಕ್ಷನ್ 15ರ ಬಲವಂತ ಅಂದ್ರೆ ಅಪರಾಧ ಮಾಡೋದು, ಮಾಡ್ತೀನಿ ಅಂತ ಹೆದರಿಸೋದು, ಇಲ್ಲ ಆಸ್ತಿ ಅಕ್ರಮವಾಗಿ ಹಿಡಿದಿಡೋದು. ಗಾರೆಯವ್ರನ್ನ ಕಳಿಸ್ದೇ ಇದ್ದಿದ್ದು ಕರಾರು ಮುರಿದಂಗೆ ಅಷ್ಟೆ.

ಬೋಗಾದಿ ಸೈಟು
ಅಂಥ ಷರತ್ತು ಗಿರತ್ತು ಏನೂ ಇಲ್ಲ ಸಾರ್, ಈಗ ತಾನೆ ಪೂರ್ತಿ ಓದ್ದೆ. ಆದ್ರೆ ಅದೇ ಮೆಸೇಜಲ್ಲಿ "ಹಂಗಾದ್ರೆ ಮೆಟ್ಟಿಲಿಗೆ ಗ್ರಾನೈಟ್ ಹಾಕ್ಕೊಡಿ" ಅಂತ ಬರ್ದಿದ್ದೆ, ಅದಕ್ಕೆ ಅವ್ನು ಹೆಬ್ಬೆಟ್ಟಿನ ಎಮೋಜಿ ಒತ್ತಿದ್ದ. ಮೊದ್ಲು ಅಲ್ಲಿ ರೆಡ್ ಆಕ್ಸೈಡ್ ಇತ್ತು.

ಕರಿಕೋಟು
ಮೊದ್ಲೇ ಹೇಳೋದಲ್ವಾ ಸ್ವಾಮಿ! ಅದೇ ಪ್ರತಿಫಲ ಆಗೋಯ್ತು. ಗ್ರಾನೈಟಿಗೂ 150ಕ್ಕೂ ಸರಿಹೋಗುತ್ತಾ ಅಂತ ಕೋರ್ಟು ತಕ್ಕಡಿ ಹಿಡ್ಕೊಂಡ್ ಕೂರಲ್ಲ. ಕೂತು ಮಾತಾಡಿ ಒಂದು ಫಿಗರ್‌ಗೆ ಇಳಿಸಿ, ಏನೇನು ಬದಲಾಗಿದೆ ಅಂತ ಒಂದು ಹಾಳೇಲಿ ಬರ್ದು ಇಬ್ರೂ ಸೈನ್ ಹಾಕಿ.

ಮಂಡ್ಯದ್ ಗೌಡ
ನನ್ ಮಾತು ವಾಪಸ್ ತಗೊಂಡೆ. ಗ್ರಾನೈಟ್ ಯಾವ್ ಕಲರ್ ಗುರು?